ಮೀಸೆಯ ಹಿಂದೆ ಮರೆಯಾದ ಪೋಡುಗಳು: ಓಸೇಜ್ ಕೊಲೆಗಳು, ವೀರಪ್ಪನ್ ಕಾಡು ಮತ್ತು ಅಪರಾಧ ಬರೆಯುವ ಬಗೆ

ಮೈಸೂರು, ಚಾಮರಾಜನಗರ ಕಡೆಯಿಂದ ಸುದ್ದಿ ಕಳಿಸುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಒಂದು ವಿಷಯ ಯಾರೂ ಹೇಳಿಕೊಡದೆ ಗೊತ್ತಾಗಿಬಿಡುತ್ತದೆ. ಕಾಪಿಯಲ್ಲಿ ವೀರಪ್ಪನ್ ಹೆಸರಿದ್ದರೆ ಡೆಸ್ಕಿನವರು ಜಾಗ ಹುಡುಕಿ ಕೊಡುತ್ತಾರೆ. ಆತ ಸತ್ತು ಇಪ್ಪತ್ತು ವರ್ಷ ದಾಟಿದ ಮೇಲೂ ಅಷ್ಟೇ. ಕಾಪಿಯಲ್ಲಿ ಸೋಲಿಗರು ಎಂದಿದ್ದರೆ ಅದು ಒಳಪುಟದ ಸುದ್ದಿ: ರಸ್ತೆ ಇಲ್ಲದ ಪೋಡು, ಡೋಲಿ ಕಟ್ಟಿ ಹೊತ್ತು ತಂದ ಗರ್ಭಿಣಿ, ಬಾರದ ಪಡಿತರ. ಎರಡೂ ಒಂದೇ ಕಾಡಿನ ಸುದ್ದಿ. 1990ರ ದಶಕದಲ್ಲಿ ಒಂದೇ ಬೆಟ್ಟದ ಮೇಲೆ ಈ ಎರಡು ಕಥೆಗಳೂ ಒಟ್ಟಿಗೇ ನಡೆದವು. ಪುಸ್ತಕ, ಸಿನಿಮಾಗಳಿಗೆ ಬರುವ ಹೊತ್ತಿಗೆ ಒಂದು ರೋಚಕ ಚರಿತ್ರೆಯಾಯಿತು, ಇನ್ನೊಂದು ಅದರ ಅಡಿಟಿಪ್ಪಣಿಯಾಯಿತು.

ಇದಕ್ಕೆ ಕಾರಣ ಬರೀ ಮಾಹಿತಿಯ ಕೊರತೆ ಅಲ್ಲ. ಸಾಕ್ಷ್ಯ ಇತ್ತು, ಆಯೋಗ ಇತ್ತು, ಕೋರ್ಟಿನ ಕಡತ ಇತ್ತು. ಕಾರಣ ಕಥೆ ಕಟ್ಟುವ ರೀತಿಯಲ್ಲೂ ಇದೆ. ಯಾರ ಕಣ್ಣಿನಿಂದ ನೋಡಬೇಕು, ಯಾರನ್ನು ನಾಯಕನೆನ್ನಬೇಕು, ಎಲ್ಲಿ ಶುರು ಮಾಡಿ ಎಲ್ಲಿ ಮುಗಿಸಬೇಕು ಎಂಬ ಸಾಹಿತ್ಯದ ಆಯ್ಕೆಗಳೇ ಯಾವುದು ಅಪರಾಧ, ಯಾವುದು ಅಲ್ಲ ಎಂಬುದನ್ನು ಓದುಗನ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಡುತ್ತವೆ. ಈ ಮಾತು ನಮಗೆ ಸ್ಪಷ್ಟವಾಗಿದ್ದು ಅಮೆರಿಕದ ಒಂದು ಬುಡಕಟ್ಟಿನ ಕೊಲೆಗಳ ಬಗ್ಗೆ ಬಂದ ಪುಸ್ತಕಗಳನ್ನು ನಮ್ಮ ಕಾಡಿನ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಿದಾಗ. ಮೊದಲು ಆ ಕಥೆ.

ಎಣ್ಣೆಯ ನೆಲದಲ್ಲಿ ಸಾಲು ಸಾವು

ಓಸೇಜ್ ಜನರನ್ನು 1870ರ ದಶಕದಲ್ಲಿ ಕಾನ್ಸಾಸ್‌ನಿಂದ ಎಬ್ಬಿಸಲಾಯಿತು. ಇಂದಿನ ಒಕ್ಲಹೋಮದಲ್ಲಿ, ಬಿಳಿಯರಿಗೆ ಬೇಡವಾಗಿದ್ದ ಕಲ್ಲುಗುಡ್ಡದ ನೆಲವನ್ನು ಅವರು ಕೊಂಡು ನೆಲೆಸಿದರು. ಆ ನೆಲದ ಅಡಿಯಲ್ಲಿ ಪೆಟ್ರೋಲಿಯಂ ಎಣ್ಣೆ ಇತ್ತು. 1906ರ ಕಾನೂನಿನಲ್ಲಿ ಅವರ ಮುಖಂಡರು ಒಂದು ಜಾಣ ಷರತ್ತು ಹಾಕಿಸಿದರು: ನೆಲ ಹಂಚಿಹೋದರೂ ನೆಲದಡಿಯ ಸಂಪತ್ತು ಇಡೀ ಬುಡಕಟ್ಟಿಗೆ ಸೇರಿದ್ದು. ಪಟ್ಟಿಯಲ್ಲಿದ್ದ 2,229 ಮಂದಿಗೆ ತಲಾ ಒಂದು ಪಾಲು. ಅದನ್ನು ಕೊಳ್ಳಲು ಆಗುತ್ತಿರಲಿಲ್ಲ, ವಾರಸುದಾರಿಕೆಯಿಂದ ಮಾತ್ರ ಪಡೆಯಬಹುದಿತ್ತು. 1920ರ ದಶಕದ ಹೊತ್ತಿಗೆ ಓಸೇಜ್ ಜನ ಲೋಕದ ಶ್ರೀಮಂತ ಸಮುದಾಯಗಳಲ್ಲಿ ಒಂದಾಗಿದ್ದರು. ಆದರೆ ಅವರಿಗೆ ದುಡ್ಡು ನಿಭಾಯಿಸಲು ಬರುವುದಿಲ್ಲವೆಂದು ಸರ್ಕಾರವೇ ತೀರ್ಮಾನಿಸಿ, ಬಿಳಿಯ ‘ಪೋಷಕ’ರನ್ನು ನೇಮಿಸಿತು. ತನ್ನದೇ ದುಡ್ಡಿನಲ್ಲಿ ಔಷಧಿ ಕೊಳ್ಳಲೂ ಪೋಷಕನ ಸಹಿ ಬೇಕು.

ಪಾಲು ವಾರಸುದಾರಿಕೆಯಿಂದ ಮಾತ್ರ ಸಿಗುವುದಾದರೆ, ಅದನ್ನು ಬಯಸುವವನಿಗೆ ಎರಡೇ ದಾರಿ: ಮದುವೆ ಮತ್ತು ಸಾವು. ಮಾಲಿ ಬರ್ಕ್‌ಹಾರ್ಟ್ ಎಂಬ ಓಸೇಜ್ ಹೆಂಗಸಿನ ಮನೆಯಲ್ಲಿ ಎರಡೂ ನಡೆದವು. ತಂಗಿ ಮಿನ್ನಿ 1918ರಲ್ಲಿ ಗೊತ್ತಿಲ್ಲದ ಕಾಯಿಲೆಯಿಂದ ಸವೆದು ಸತ್ತಳು. 1921ರ ಮೇ ತಿಂಗಳಲ್ಲಿ ಅಕ್ಕ ಆನಾಳ ಹೆಣ ಹಳ್ಳದಲ್ಲಿ ಸಿಕ್ಕಿತು, ತಲೆಗೆ ಗುಂಡು ಬಿದ್ದಿತ್ತು. ಎರಡು ತಿಂಗಳಲ್ಲಿ ತಾಯಿ ಲಿಜ್ಜಿ ಹೋದಳು. 1923ರ ಮಾರ್ಚ್‌ನಲ್ಲಿ ಇನ್ನೊಬ್ಬ ಸೋದರಿ ರೀಟಾಳ ಮನೆಯನ್ನು ಸ್ಫೋಟಿಸಲಾಯಿತು. ಹಿಂದಿದ್ದವನು ವಿಲಿಯಂ ಹೇಲ್, ಊರಿನ ದೊಡ್ಡ ದನಗಾರ, ಓಸೇಜರ ಸ್ನೇಹಿತನೆಂದು ಹೆಸರು ಮಾಡಿದವನು, ಮಾಲಿಯ ಗಂಡ ಅರ್ನೆಸ್ಟ್‌ನ ಸೋದರಮಾವ. ಗಂಡನೂ ಸಂಚಿನಲ್ಲಿದ್ದ. ಆಗಷ್ಟೇ ಕಟ್ಟುತ್ತಿದ್ದ ಕೇಂದ್ರ ತನಿಖಾ ಸಂಸ್ಥೆ, ಅಂದರೆ ಇಂದಿನ ಎಫ್‌ಬಿಐ, 1925ರಲ್ಲಿ ಟಾಮ್ ವೈಟ್ ಎಂಬ ಅಧಿಕಾರಿಯನ್ನು ಕಳಿಸಿತು. ಕೊನೆಗೆ ಹೇಲ್‌ಗೆ ಜೀವಾವಧಿ ಶಿಕ್ಷೆಯಾಯಿತು. 1947ರಲ್ಲಿ ಪೆರೋಲ್ ಮೇಲೆ ಹೊರಬಂದ.

ಅದೇ ಸಂಗತಿ, ಬೇರೆ ನಾಯಕ

ಈ ಕಥೆಯನ್ನು ಮೊದಲು ದೊಡ್ಡದಾಗಿ ಹೇಳಿದ್ದು ತನಿಖಾ ಸಂಸ್ಥೆಯೇ. ಅದರ ಮುಖ್ಯಸ್ಥ ಎಡ್ಗರ್ ಹೂವರ್‌ಗೆ ತನ್ನ ಸಂಸ್ಥೆಯ ಹೆಸರು ಬೆಳೆಯಬೇಕಿತ್ತು. 1959ರ ‘ದಿ ಎಫ್‌ಬಿಐ ಸ್ಟೋರಿ’ ಸಿನಿಮಾದಲ್ಲಿ ಓಸೇಜ್ ಕೊಲೆಗಳು ಪೊಲೀಸ್ ನಾಯಕನ ವೃತ್ತಿಜೀವನದ ಒಂದು ಕಂತು ಮಾತ್ರ. ಆ ರೂಪದಲ್ಲಿ ಕಥೆಗೆ ಒಬ್ಬ ಖಳ, ಒಬ್ಬ ಪತ್ತೇದಾರ, ಒಂದು ಬಂಧನ ಸಾಕು. ಬಂಧನವಾದ ಕೂಡಲೇ ಪರದೆ.

ಓಸೇಜ್ ಲೇಖಕ ಜಾನ್ ಜೋಸೆಫ್ ಮ್ಯಾಥ್ಯೂಸ್ 1934ರಲ್ಲೇ ‘ಸನ್‌ಡೌನ್’ ಎಂಬ ಕಾದಂಬರಿ ಬರೆದಿದ್ದರು. ಅದರ ನಡುವೆ ಪತ್ತೇದಾರನಿಲ್ಲ, ಎಣ್ಣೆಯ ದುಡ್ಡಿನ ನಡುವೆ ದಿಕ್ಕು ತಪ್ಪಿದ ಒಬ್ಬ ಓಸೇಜ್ ಯುವಕನಿದ್ದಾನೆ. ಚಿಕಸಾ ಬುಡಕಟ್ಟಿನ ಲಿಂಡಾ ಹೋಗನ್ 1990ರಲ್ಲಿ ‘ಮೀನ್ ಸ್ಪಿರಿಟ್’ ಕಾದಂಬರಿಯಲ್ಲಿ ಈ ಕೊಲೆಗಳನ್ನು ಹತ್ಯೆಯಾದವರ ಸಮುದಾಯದೊಳಗಿಂದ ಹೇಳಿದರು. 1994ರಲ್ಲಿ ಪತ್ರಕರ್ತ ಡೆನಿಸ್ ಮೆಕಾಲಿಫ್ ತಮ್ಮ ಅಜ್ಜಿ ಸಿಬಿಲ್ ಬೋಲ್ಟನ್ ಸಾವಿನ ಬೆನ್ನು ಹತ್ತಿದರು. ಮನೆಯವರು ಕಾಯಿಲೆ ಎಂದು ಹೇಳುತ್ತ ಬಂದಿದ್ದ ಸಾವು ಕೊಲೆಯಾಗಿತ್ತೆಂಬ ತೀರ್ಮಾನಕ್ಕೆ ಬಂದು ಪುಸ್ತಕ ಬರೆದರು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಊರು, ಒಂದೇ ದಶಕ. ನಡುವೆ ನಿಂತವರು ಬದಲಾದಂತೆ ಅಪರಾಧದ ಅಳತೆಯೂ ಬದಲಾಯಿತು.

ಡೇವಿಡ್ ಗ್ರ್ಯಾನ್ ಅವರ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ 2017ರಲ್ಲಿ ಬಂತು. ಅದರ ಕಟ್ಟಡವನ್ನು ಗಮನಿಸಬೇಕು. ಪುಸ್ತಕ ಮೂರು ಭಾಗ. ಮೊದಲನೆಯದು ಮಾಲಿಯ ಸುತ್ತ. ಅವಳಿಗೆ ಗೊತ್ತಿದ್ದಷ್ಟೇ ನಮಗೂ ಗೊತ್ತು. ಗಂಡನನ್ನು ಅವಳು ನಂಬಿದ್ದಳು, ನಾವೂ ನಂಬುತ್ತೇವೆ. ಇಲ್ಲಿ ಗುಟ್ಟು ಮುಚ್ಚಿಡುವುದು ಬರೀ ಕುತೂಹಲಕ್ಕಲ್ಲ. ಮನೆಯೊಳಗೇ ಕೊಲೆಗಾರನಿರುವ ಬದುಕು ಹೇಗಿತ್ತೆಂದು ಓದುಗನಿಗೆ ತಟ್ಟುವುದು ಹಾಗೆ ಮುಚ್ಚಿಟ್ಟಾಗಲೇ. ಎರಡನೆಯ ಭಾಗ ಟಾಮ್ ವೈಟ್‌ನದು, ಪತ್ತೇದಾರಿ ಕಥೆಯ ಲಯದಲ್ಲೇ ಓಡುತ್ತದೆ. ಸಾಮಾನ್ಯ ಪುಸ್ತಕವಾಗಿದ್ದರೆ ಹೇಲ್‌ನ ಶಿಕ್ಷೆಯೊಂದಿಗೆ ಮುಗಿಯುತ್ತಿತ್ತು. ಗ್ರ್ಯಾನ್ ಮೂರನೆಯ ಭಾಗದಲ್ಲಿ ವರದಿಗಾರನಾಗಿ ತಾವೇ ಓಸೇಜ್ ಊರಿಗೆ ಬರುತ್ತಾರೆ, ಮೊಮ್ಮಕ್ಕಳ ಜೊತೆ ಕೂರುತ್ತಾರೆ, ಪೋಷಕರ ಲೆಕ್ಕದ ಪುಸ್ತಕ ತಿರುವುತ್ತಾರೆ. ತನಿಖಾ ಸಂಸ್ಥೆ ಕಡತ ಮುಚ್ಚಿದ ಮೇಲೂ, ತೆರೆಯುವ ಮೊದಲೂ ಸಾವುಗಳಿದ್ದವು. ಸುಮಾರು ಎರಡು ಡಜನ್ ಎಂದಿದ್ದ ಲೆಕ್ಕ ಅದಕ್ಕಿಂತ ಎಷ್ಟೋ ದೊಡ್ಡದಿರಬೇಕು. ಅದು ಒಬ್ಬ ಖಳನ ಕೆಲಸವಾಗಿರಲಿಲ್ಲ, ಊರಿನ ವೈದ್ಯ, ವಕೀಲ, ಬ್ಯಾಂಕಿನವರು ಕೂಡಿ ನಡೆಸಿದ ವ್ಯವಹಾರವಾಗಿತ್ತು. ಎರಡನೆಯ ಭಾಗ ಕೊಟ್ಟ ನೆಮ್ಮದಿಯನ್ನು ಮೂರನೆಯ ಭಾಗ ಕಿತ್ತುಕೊಳ್ಳುತ್ತದೆ.

2023ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಇದನ್ನು ಸಿನಿಮಾ ಮಾಡಿದಾಗ ನಡುವೆ ನಿಂತವನು ಗಂಡ ಅರ್ನೆಸ್ಟ್. ಚಿತ್ರಕ್ಕೆ ಕೆಲಸ ಮಾಡಿದ ಓಸೇಜ್ ಭಾಷಾ ಸಲಹೆಗಾರರೊಬ್ಬರೇ, ಇದನ್ನು ಮಾಲಿಯ ಕಡೆಯಿಂದ ಹೇಳಬೇಕಿತ್ತೆಂಬ ಆಸೆಯನ್ನು ಬಹಿರಂಗವಾಗಿ ತೋಡಿಕೊಂಡರು. ನೂರು ವರ್ಷದ ಮೇಲೂ ಯಾರ ಕಣ್ಣು ಎಂಬ ಪ್ರಶ್ನೆ ಬಗೆಹರಿದಿಲ್ಲ.

ಗಂಧದ ಕಾಡು, ಪಾಲಿಲ್ಲದ ಜನ

ಈಗ ನಮ್ಮ ಬೆಟ್ಟಕ್ಕೆ ಬರೋಣ. ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಆಚೆಗೆ ಸತ್ಯಮಂಗಲ: ಇವೆಲ್ಲ ಸೋಲಿಗರ ನೆಲೆ. ಜೇನು, ಗೆಡ್ಡೆ, ರಾಗಿ ಹೊಲ, ಕಾಡಿನ ಕಿರು ಉತ್ಪನ್ನ ಇವರ ಬದುಕು. ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಈ ಕಾಡಿನ ಕರ್ನಾಟಕದ ಭಾಗ ಮೈಸೂರು ಜಿಲ್ಲೆಯದೇ. ಹಾಗಾಗಿ ಇಲ್ಲಿನ ಪೊಲೀಸು, ಕೋರ್ಟು, ಜೈಲು, ಪತ್ರಿಕೆ ಎಲ್ಲಕ್ಕೂ ಮೈಸೂರೇ ಕೇಂದ್ರ.

ಓಸೇಜರ ಎಣ್ಣೆಯಂತೆ ಇಲ್ಲಿ ಗಂಧ. ಟಿಪ್ಪುವಿನ ಕಾಲದಿಂದಲೇ ಗಂಧ ರಾಜಮರ. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು, ಆ ಎಣ್ಣೆಯಿಂದ ಸಾಬೂನು ಬಂತು, ಮೈಸೂರಿನ ಹೆಸರು ಲೋಕಕ್ಕೆ ಹೋಯಿತು. ಸ್ವಂತ ಹೊಲದಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಎಂಬ ಕಾನೂನು ಸಡಿಲವಾಗಿದ್ದು 2001ರಲ್ಲಿ. ಓಸೇಜ್ ಜೊತೆಗಿನ ಹೋಲಿಕೆ ಇಲ್ಲಿ ಒಂದು ಕಡೆ ನಿಲ್ಲುತ್ತದೆ, ಅದನ್ನು ಹೇಳಲೇಬೇಕು. ಓಸೇಜರಿಗೆ ನೆಲದ ಸಂಪತ್ತಿನಲ್ಲಿ ಪಾಲಿತ್ತು, ಆ ಪಾಲಿಗಾಗಿ ಅವರು ಸತ್ತರು. ಸೋಲಿಗರಿಗೆ ಗಂಧದಲ್ಲಿ ಪಾಲೇ ಇರಲಿಲ್ಲ. ಬೇರೆಯವರ ಗಂಧ, ಬೇರೆಯವರ ಕಳ್ಳತನ, ಬೇರೆಯವರ ಬೇಟೆ. ನಡುವೆ ಕಾಡಿನ ದಾರಿ ಬಲ್ಲವರಾಗಿದ್ದದ್ದೇ ಅವರಿಗೆ ಮುಳುವಾಯಿತು. ವೀರಪ್ಪನ್‌ಗೂ ದಾರಿ ಬೇಕು, ಪೊಲೀಸರಿಗೂ ದಾರಿ ಬೇಕು. ಒಬ್ಬರಿಗೆ ತೋರಿಸಿದರೆ ಇನ್ನೊಬ್ಬರ ಪಾಲಿಗೆ ದ್ರೋಹಿ.

ಘಟನೆಗಳು ಎಲ್ಲರಿಗೂ ಗೊತ್ತಿರುವಂಥವು. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗತಿಯ ಆಸೆ ತೋರಿಸಿ ಕರೆಸಿ ವೀರಪ್ಪನ್ ಕೊಂದ. ಗೋಪಿನಾಥಂನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿ, ಊರಿನವರ ಕಷ್ಟಸುಖ ವಿಚಾರಿಸಿ ಜನರ ಮನ ಗೆದ್ದಿದ್ದ ಅಧಿಕಾರಿ ಅವರು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಮೈಸೂರಿನ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಇವರಲ್ಲಿ ಪೊಲೀಸರ ಜೊತೆಗೆ ಅರಣ್ಯ ಕಾವಲುಗಾರರೂ ಮಾಹಿತಿದಾರರೂ ಇದ್ದರು. ಈ ಸಾವುಗಳ ನೋವು ಚಿಕ್ಕದಲ್ಲ. ನಾವು ಮುಂದೆ ಹೇಳುವುದು ಯಾವುದೂ ಅದನ್ನು ಚಿಕ್ಕದು ಮಾಡಲು ಅಲ್ಲ.

ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಕಾಡಿಗಿಳಿಯಿತು. ಆತ ಸಿಗಲಿಲ್ಲ, ಹಳ್ಳಿಗರು ಸಿಕ್ಕರು. ಸೋಲಿಗರು, ತಮಿಳು ಮಾತಾಡುವ ಸಣ್ಣ ರೈತರು, ಕೂಲಿಯವರು. ಅಕ್ಕಿ ಕೊಟ್ಟೆಯಾ, ಎಲ್ಲಿದ್ದಾನೆ ಹೇಳು ಎಂಬ ಪ್ರಶ್ನೆಗಳು. ಮಾದೇಶ್ವರ ಬೆಟ್ಟದಲ್ಲಿದ್ದ ಕಾರ್ಯಪಡೆಯ ಕ್ಯಾಂಪಿನ ಒಂದು ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರು ಬಿತ್ತು. ಅಲ್ಲಿ ಕರೆಂಟ್ ಶಾಕ್ ಕೊಡುತ್ತಿದ್ದರು, ತಲೆಕೆಳಗಾಗಿ ನೇತುಹಾಕಿ ಹೊಡೆಯುತ್ತಿದ್ದರು, ಹೆಂಗಸರನ್ನೂ ಬಿಡಲಿಲ್ಲ ಎಂದು ಅಲ್ಲಿಂದ ಹೊರಬಂದವರು ಹೇಳಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ಸಮಿತಿ ಜನರ ಬಳಿಗೇ ಬಂದು ಹೇಳಿಕೆ ಪಡೆಯಿತು, 2003ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ಮೈಸೂರಿನ ಜೈಲು, ಟಾಡಾದ ‘ನಾನು’

ಇನ್ನೊಂದು ಕಥೆ ಮೈಸೂರು ನಗರದೊಳಗೇ ನಡೆಯಿತು. ಕಾಡಂಚಿನಿಂದ ಹಿಡಿದು ತಂದ ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ ಕಾಯ್ದೆಯಡಿ ಮೊಕದ್ದಮೆ ಹಾಕಲಾಯಿತು. ಜಾಮೀನು ಸಿಗುವುದು ದುಸ್ತರ. ಟಾಡಾ ಕಾಯ್ದೆ 1995ರಲ್ಲೇ ರದ್ದಾಯಿತು. ಆದರೆ ಹಳೆಯ ಪ್ರಕರಣಗಳು ಮುಂದುವರಿದವು, ಜನ ಮೈಸೂರು ಜೈಲಿನಲ್ಲೇ ಉಳಿದರು. ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2001ರ ಸೆಪ್ಟೆಂಬರ್ 29ರಂದು. ಬಹುಪಾಲು ಆರೋಪಿಗಳು ಖುಲಾಸೆಯಾದರು. ಅಷ್ಟು ಹೊತ್ತಿಗೆ ಕೆಲವರ ಬದುಕಿನ ಎಂಟು ವರ್ಷ ಕಳೆದಿತ್ತು.

ಕಥೆ ಹೇಳುವ ದೃಷ್ಟಿಯಿಂದ ಟಾಡಾದಲ್ಲಿ ಒಂದು ವಿಶೇಷವಿತ್ತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಟಾಡಾದ 15ನೇ ಕಲಮಿನಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡದ್ದು ಸಾಕ್ಷ್ಯವಾಗುತ್ತಿತ್ತು. ಓದು ಬರಹ ಬಾರದ ಮನುಷ್ಯನೊಬ್ಬನ ಬದುಕು ಉತ್ತಮ ಪುರುಷದಲ್ಲಿ, ‘ನಾನು’ ಎಂದು, ಕಚೇರಿಯ ಭಾಷೆಯಲ್ಲಿ ದಾಖಲಾಗುತ್ತದೆ, ಕೆಳಗೆ ಹೆಬ್ಬೆಟ್ಟು. ಆತ್ಮಕಥೆಯ ರೂಪ, ಬರೆದವನು ಬೇರೆ. ಅಪರಾಧ ಸಾಹಿತ್ಯಕ್ಕೆ ‘ಅಧಿಕೃತ ದಾಖಲೆ’ ಎಂದು ಒದಗುವುದು ಬಹುಮಟ್ಟಿಗೆ ಇಂಥ ಕಾಗದಗಳೇ.

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜಕುಮಾರ್ ಅಪಹರಣವಾದಾಗ ಈ ಬಂದಿಗಳು ಮತ್ತೆ ಸುದ್ದಿಗೆ ಬಂದರು. ಮೈಸೂರು ಜೈಲಿನ 51 ಟಾಡಾ ಬಂದಿಗಳನ್ನು ಬಿಡಬೇಕೆಂಬುದು ವೀರಪ್ಪನ್‌ನ ಬೇಡಿಕೆಗಳಲ್ಲಿ ಒಂದು. ಸರ್ಕಾರ ಮೊಕದ್ದಮೆ ಹಿಂಪಡೆಯಲು ಹೊರಟಿತು. ಶಕೀಲ್ ಅಹಮದ್ ಅವರ ತಂದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಮಗನನ್ನು ಕಳೆದುಕೊಂಡ ತಂದೆಯ ಸಿಟ್ಟಿಗೆ ಕೋರ್ಟ್ ಕಿವಿಗೊಟ್ಟಿತು, ಬಿಡುಗಡೆ ನಿಂತಿತು. ಆ 108 ದಿನಗಳಲ್ಲಿ ರಾಜ್ಯ ಉಸಿರು ಬಿಗಿಹಿಡಿದು ಕಾದದ್ದು ಅಣ್ಣಾವ್ರಿಗಾಗಿ, ಅದು ಸಹಜವೇ. ಆ 51 ಮಂದಿ ಮಾತ್ರ ಸಂಖ್ಯೆಯಾಗಿ, ವಿನಿಮಯದ ವಸ್ತುವಾಗಿ ಉಳಿದರು. ಒಬ್ಬೊಬ್ಬರ ಮೇಲಿನ ಆರೋಪವೇನು, ಸಾಕ್ಷ್ಯವೇನು ಎಂಬುದು ದೊಡ್ಡ ಸುದ್ದಿಯಾಗಲಿಲ್ಲ.

ನಮ್ಮ ಕಪಾಟಿನ ಪುಸ್ತಕಗಳು

ವೀರಪ್ಪನ್ ಬಗ್ಗೆ ಬಂದ ಬರಹ ಬಹಳ. ಮೈಸೂರಿನ ಪತ್ರಕರ್ತ ಸುನಾದ್ ರಘುರಾಮ್ 2001ರಲ್ಲಿ ಆತನ ಬಗ್ಗೆ ಇಂಗ್ಲಿಷ್‌ನಲ್ಲಿ ಪುಸ್ತಕ ತಂದರು. ಡಿಜಿಪಿಯಾಗಿದ್ದ ಸಿ. ದಿನಕರ್ ರಾಜಕುಮಾರ್ ಅಪಹರಣದ ಬಗ್ಗೆ ಬರೆದರು. ಕೊನೆಯ ಕಾರ್ಯಾಚರಣೆ ನಡೆಸಿದ ಕೆ. ವಿಜಯಕುಮಾರ್ 2017ರಲ್ಲಿ ಬೆನ್ನಟ್ಟಿದ ಕಥೆ ಬರೆದರು. 1997ರ ಅಕ್ಟೋಬರ್‌ನಲ್ಲಿ ಬಂಡೀಪುರದಿಂದ ಅಪಹರಣವಾಗಿ 14 ದಿನ ಸೆರೆಯಲ್ಲಿದ್ದ ಕೃಪಾಕರ-ಸೇನಾನಿ ತಮ್ಮ ಅನುಭವ ಬರೆದರು. ಸೆರೆಯಾಳುಗಳ ಕಣ್ಣಿನಿಂದ, ತಿಳಿಹಾಸ್ಯದಲ್ಲಿ ಬರೆದ ಅದು ಈ ಸಾಲಿನಲ್ಲಿ ಬೇರೆಯೇ ಆಗಿ ನಿಲ್ಲುತ್ತದೆ, ಅಲ್ಲಿ ದಂತಕಥೆಯ ಮನುಷ್ಯ ಮಾಮೂಲಿ ಮನುಷ್ಯನಾಗುತ್ತಾನೆ. ‘ಅಟ್ಟಹಾಸ’, ‘ಕಿಲ್ಲಿಂಗ್ ವೀರಪ್ಪನ್’ ಸಿನಿಮಾಗಳು ಬಂದವು. 2023ರಲ್ಲಿ ನೆಟ್‌ಫ್ಲಿಕ್ಸ್ ಸಾಕ್ಷ್ಯಸರಣಿ ಬಂತು, ಅದರಲ್ಲಿ ಪತ್ನಿ ಮುತ್ತುಲಕ್ಷ್ಮಿಯೂ ಮಾತಾಡಿದರು. ಪ್ರತಿಯೊಬ್ಬರಿಗೂ ತಮ್ಮದೇ ಕಾರಣವಿದೆ. ಪೊಲೀಸ್ ಅಧಿಕಾರಿ ಪೊಲೀಸ್ ಕಥೆ ಬರೆಯುವುದು ತಪ್ಪಲ್ಲ. ಸಮಸ್ಯೆ ಇರುವುದು ಎಲ್ಲವನ್ನೂ ಒಟ್ಟಿಗಿಟ್ಟಾಗ ಸಿಗುವ ಚಿತ್ರದಲ್ಲಿ. ನಮಗೆ ಕಂಡ ನಾಲ್ಕು ಅಂಶಗಳನ್ನು ಇಲ್ಲಿಡುತ್ತೇವೆ.

ಒಂದು, ಹೆಸರಿಡುವುದು. ‘ಸಹಚರ’ ಎಂಬ ಪದ ನೋಡಿ. ಬಂದೂಕು ಹಿಡಿದವನೂ ಸಹಚರ, ಹೆದರಿ ಎರಡು ಸೇರು ಅಕ್ಕಿ ಕೊಟ್ಟವನೂ ಸಹಚರ, ದನ ಮೇಯಿಸಲು ಹೋಗಿ ಸಿಕ್ಕಿಬಿದ್ದವನೂ ಸಹಚರ. ಪೊಲೀಸ್ ಪ್ರಕಟಣೆಯಿಂದ ಪತ್ರಿಕೆಗೆ, ಪತ್ರಿಕೆಯಿಂದ ಪುಸ್ತಕಕ್ಕೆ ಆ ಪದ ದಾಟಿತು. ಕೋರ್ಟು ಖುಲಾಸೆ ಮಾಡಿದ ಮೇಲೂ ಹಳೆಯ ಪುಟಗಳಲ್ಲಿ ಅವರು ಸಹಚರರೇ.

ಎರಡು, ಕ್ರಿಯಾಪದ. ವೀರಪ್ಪನ್ ‘ಕೊಂದ’, ‘ಕಡಿದ’, ‘ಸ್ಫೋಟಿಸಿದ’. ಅಲ್ಲಿ ಕರ್ತೃ ಸ್ಪಷ್ಟ. ಆಚೆ ಕಡೆಯ ಸಾವು ಬಂದಾಗ ಕನ್ನಡ ವ್ಯಾಕರಣವೇ ಮಗ್ಗುಲು ಬದಲಿಸುತ್ತದೆ: ‘ಗುಂಡಿನ ಚಕಮಕಿಯಲ್ಲಿ ಮೃತಪಟ್ಟರು’, ‘ಎನ್‌ಕೌಂಟರ್‌ಗೆ ಬಲಿ’. ಗುಂಡು ಹಾರಿಸಿದವರು ವಾಕ್ಯದಲ್ಲಿಲ್ಲ. ಓಸೇಜ್ ಕಡತಗಳಲ್ಲೂ ಹೀಗೇ. ವಿಷ ಹಾಕಿದ ಸಾವು ‘ಸವೆಯುವ ಕಾಯಿಲೆ’ಯಾಗಿತ್ತು.

ಮೂರು, ಕಾಡು. ಈ ಬರಹಗಳಲ್ಲಿ ಕಾಡು ‘ದುರ್ಗಮ’, ‘ನಿಗೂಢ’, ‘ನಿರ್ಜನ’. ನಿರ್ಜನ ಎಂದ ಕೂಡಲೇ ಅಲ್ಲಿದ್ದ ಪೋಡುಗಳು ಅಳಿಸಿಹೋದವು. ಪತ್ತೇದಾರಿ ಕಥೆಗೆ ನಿಗೂಢ ಕಾಡು ಬೇಕು, ಸೋಲಿಗರಿಗೆ ಅದು ಹೆಸರಿರುವ ಬಂಡೆ, ಹೆಸರಿರುವ ಹಳ್ಳ, ದೇವರಿರುವ ಮರ.

ನಾಲ್ಕು, ಮುಕ್ತಾಯ. ಹೆಚ್ಚಿನ ಕಥೆಗಳು ಮುಗಿಯುವುದು 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ, ಆಂಬುಲೆನ್ಸಿನಲ್ಲಿ. ಕಣ್ಣಿನ ಚಿಕಿತ್ಸೆಗೆಂದು ಹೊರಟ ವೀರಪ್ಪನ್ ಮತ್ತು ಮೂವರು ಸಂಗಡಿಗರು ಸತ್ತರು. ಖಳ ಸತ್ತ, ಕಥೆ ಮುಗಿಯಿತು. ಇದು ಗ್ರ್ಯಾನ್ ಪುಸ್ತಕದ ಎರಡನೆಯ ಭಾಗದ ಕೊನೆ ಮಾತ್ರ. ಮೂರನೆಯ ಭಾಗವನ್ನು ನಮ್ಮ ಕಪಾಟಿನಲ್ಲಿ ಹುಡುಕಬೇಕು.

ಮೂರನೆಯ ಭಾಗ ಎಲ್ಲಿದೆ

ಅದು ಪೂರ್ತಿ ಇಲ್ಲವೆಂದಲ್ಲ. ತಮಿಳಿನಲ್ಲಿದೆ. ಮಾನವ ಹಕ್ಕುಗಳ ಕಾರ್ಯಕರ್ತ, ವಕೀಲ ಎಸ್. ಬಾಲಮುರುಗನ್ 2004ರಲ್ಲಿ ‘ಸೋಲಗರ್ ತೊಟ್ಟಿ’ ಎಂಬ ಕಾದಂಬರಿ ಪ್ರಕಟಿಸಿದರು. ಸೋಲಿಗರ ಒಂದು ಹಾಡಿಯೇ ಅದರ ನಾಯಕ. ಅರ್ಧ ಪುಸ್ತಕದವರೆಗೆ ವೀರಪ್ಪನ್ ಬೇಟೆ ಶುರುವಾಗುವುದೇ ಇಲ್ಲ. ಹೊಲ, ಜೇನು, ಹಬ್ಬ, ನೆಲ ಕೈತಪ್ಪುವ ಬಗೆ, ಅರಣ್ಯ ಇಲಾಖೆಯ ಕಾಟ, ಇವೇ ಬರುತ್ತವೆ. ನಂತರ ಎರಡೂ ರಾಜ್ಯಗಳ ಪೊಲೀಸರು ಬರುತ್ತಾರೆ. ಅಷ್ಟು ಹೊತ್ತಿಗೆ ಹಾಡಿಯವರು ನಮಗೆ ಹೆಸರು, ಸ್ವಭಾವ ಸಮೇತ ಗೊತ್ತಾಗಿರುತ್ತಾರೆ. ಆಮೇಲೆ ನಡೆಯುವುದನ್ನು ‘ಸಹಚರರ ವಿಚಾರಣೆ’ ಎಂದು ಓದಲು ಯಾರಿಗೂ ಸಾಧ್ಯವಿಲ್ಲ. ಮೊದಲು ಬದುಕು, ಆಮೇಲೆ ಹಿಂಸೆ ಎಂಬ ಈ ಸರಳ ಅನುಕ್ರಮವೇ ಆ ಕಾದಂಬರಿಯ ಬಲ. ಸಾಕ್ಷ್ಯ ಕಲೆಹಾಕುತ್ತಿದ್ದ ವಕೀಲ ಕಾದಂಬರಿಯನ್ನೇ ಆರಿಸಿಕೊಂಡದ್ದಕ್ಕೆ ಅರ್ಥವಿದೆ. ಅಫಿಡವಿಟ್‌ನಲ್ಲಿ ಹೊಡೆದದ್ದು ಬರುತ್ತದೆ, ಹೊಡೆಯುವ ಮುಂಚೆ ಆ ಮನುಷ್ಯ ಹೇಗಿದ್ದ ಎಂಬುದಕ್ಕೆ ಜಾಗವಿಲ್ಲ.

ನಮ್ಮ ಭಾಷೆಯಲ್ಲೂ ಇದಕ್ಕೆ ಹಳೆಯ ಮಾದರಿ ಇದೆ, ಅದೂ ಅದೇ ಬೆಟ್ಟದಲ್ಲಿ. ಮಲೆ ಮಾದೇಶ್ವರ ಕಾವ್ಯವನ್ನು ಕಂಸಾಳೆಯವರು, ದೇವರಗುಡ್ಡರು ರಾತ್ರಿಯಿಡೀ ಹಾಡುತ್ತಾರೆ. ಮೈಸೂರಿನ ಜಾನಪದ ವಿದ್ವಾಂಸ ಪಿ.ಕೆ. ರಾಜಶೇಖರ 1970ರ ದಶಕದಲ್ಲಿ ಅದನ್ನು ಸಂಗ್ರಹಿಸಿ ಪ್ರಕಟಿಸಿದರು. ಅದರಲ್ಲಿ ‘ಸಂಕಮ್ಮನ ಸಾಲು’ ಎಂಬ ಭಾಗವಿದೆ. ಸೋಲಿಗರ ನೀಲೇಗೌಡ ಕಾಡಿಗೆ ಜೇನಿಗೆ ಹೊರಡುವಾಗ ಹೆಂಡತಿ ಸಂಕಮ್ಮನಿಂದ ಪಾತಿವ್ರತ್ಯದ ಭಾಷೆ ಕೇಳುತ್ತಾನೆ. ತಪ್ಪು ಮಾಡದ ತಾನು ಭಾಷೆ ಯಾಕೆ ಕೊಡಬೇಕೆಂದು ಅವಳು ಒಪ್ಪುವುದಿಲ್ಲ. ಅವನು ಅವಳಿಗೆ ಚಿತ್ರಹಿಂಸೆ ಕೊಟ್ಟು ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಹಾಡುವವರು ಅವನ ಹಿಂದೆ ಜೇನಿನ ಸಾಹಸಕ್ಕೆ ಓಡಿಹೋಗುವುದಿಲ್ಲ. ಅವಳ ಜೊತೆ ಗುಡಿಸಲಲ್ಲೇ ಉಳಿಯುತ್ತಾರೆ, ಅವಳ ನೋವನ್ನು, ಮಾದಪ್ಪನನ್ನು ಕರೆಯುವ ದನಿಯನ್ನು ಎಳೆಎಳೆಯಾಗಿ ಹಾಡುತ್ತಾರೆ. ಕೇಳುವವರು ಅಳುತ್ತಾರೆ. ಹೇಳು, ಒಪ್ಪಿಕೋ ಎಂದು ಹಿಂಸಿಸುವವನ ಎದುರು ಒಪ್ಪದೆ ನಿಂತ ಸೋಲಿಗರ ಹೆಣ್ಣಿನ ಕಥೆ ಇದು. ಇದನ್ನು ತಲೆಮಾರುಗಳಿಂದ ಕೇಳಿಸಿಕೊಂಡ ಬೆಟ್ಟದ ಮೇಲೇ ‘ವರ್ಕ್‌ಶಾಪ್’ ಇತ್ತು. ಯಾರ ಪಕ್ಕ ಕೂತು ಕಥೆ ಹೇಳಬೇಕೆಂಬುದು ಕಂಸಾಳೆಯವರಿಗೆ ಗೊತ್ತಿತ್ತು. ನಾವು ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಅದನ್ನು ಕಲಿಯಲಿಲ್ಲ.

ಎಲ್ಲಿ ಮುಗಿಸಬೇಕು

2004ರ ಆಂಬುಲೆನ್ಸನ್ನು ಬಿಟ್ಟು ಬೇರೆ ದಿನಾಂಕಗಳನ್ನು ಮುಕ್ತಾಯವೆಂದು ತೆಗೆದುಕೊಂಡು ನೋಡೋಣ.

ಪಾಲಾರ್ ಪ್ರಕರಣದಲ್ಲಿ ಮೈಸೂರಿನ ಕೋರ್ಟು ನಾಲ್ವರಿಗೆ ಜೀವಾವಧಿ ಕೊಟ್ಟಿತ್ತು. ಮೇಲ್ಮನವಿಗೆ ಹೋದಾಗ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆಯಿತು. ತಡವಾದ ಕಾರಣಕ್ಕೆ 2014ರ ಜನವರಿ 21ರಂದು ಸುಪ್ರೀಂ ಕೋರ್ಟೇ ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಬೇಟೆಯ ಕಥೆ 2004ಕ್ಕೆ ಮುಗಿದರೂ ಕೋರ್ಟಿನ ಕಥೆ ಮುಗಿದಿರಲಿಲ್ಲ.

ಬೆಟ್ಟದ ಆಚೆ, ಧರ್ಮಪುರಿ ಜಿಲ್ಲೆಯ ವಾಚಾತ್ತಿ ಎಂಬ ಬುಡಕಟ್ಟು ಹಳ್ಳಿಯದು ಇನ್ನೊಂದು ಮುಕ್ತಾಯ. 1992ರ ಜೂನ್ 20ರಂದು ಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ನುಗ್ಗಿದರು. ಮನೆಗಳನ್ನು ಒಡೆದರು, 18 ಹೆಂಗಸರ ಮೇಲೆ ಅತ್ಯಾಚಾರವಾಯಿತು. 269 ಆರೋಪಿಗಳಲ್ಲಿ 54 ಮಂದಿ ವಿಚಾರಣೆ ಮುಗಿಯುವ ಮೊದಲೇ ಸತ್ತರು. ಬದುಕಿದ್ದ 215 ಮಂದಿಗೂ 2011ರಲ್ಲಿ ಶಿಕ್ಷೆಯಾಯಿತು. ಮದ್ರಾಸ್ ಹೈಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಇದು 31 ವರ್ಷದ ಕಥೆ. ಇದರಲ್ಲಿ ಮೀಸೆಯ ಖಳನಿಲ್ಲ, ಬೆನ್ನಟ್ಟುವ ಅಧಿಕಾರಿಯಿಲ್ಲ, ಒಂದೇ ಮಾತನ್ನು ಮೂರು ದಶಕ ಬದಲಿಸದೆ ಹೇಳಿದ ಹೆಂಗಸರಿದ್ದಾರೆ. ಬಹುಶಃ ಅದಕ್ಕೇ ಕರ್ನಾಟಕದಲ್ಲಿ ಇದನ್ನು ಬಲ್ಲವರು ಕಡಿಮೆ.

ಸೋಲಿಗರದೇ ಒಂದು ಮುಕ್ತಾಯವೂ ಇದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಗಂಧದ ಕಾಲದಲ್ಲಿ ಕಾಡಿನಲ್ಲಿ ಪಾಲಿಲ್ಲದ ಜನರಿಗೆ ಕಾಗದದ ಮೇಲಾದರೂ ಪಾಲು ಬಂದ ದಿನ ಅದು. ವೀರಪ್ಪನ್ ಕಾಲದ ಚರಿತ್ರೆ ಬರೆಯುವವರು ಅಲ್ಲಿಯವರೆಗೆ ಬಂದು ನಿಲ್ಲಿಸಿದರೆ ಪುಸ್ತಕದ ಆಕಾರವೇ ಬೇರೆಯಾಗುತ್ತದೆ.

ಬರೆಯುವ ನಮ್ಮ ಗೆಳೆಯರಿಗೆ ಇದರಿಂದ ಬರುವ ಕೆಲಸ ದೊಡ್ಡದೇನಲ್ಲ. ‘ಸಹಚರ’ ಎಂದು ಬರೆಯುವ ಮೊದಲು ಕೋರ್ಟು ಏನಂದಿತು ನೋಡುವುದು. ಪ್ರಕಟಣೆಯ ವಾಕ್ಯದಲ್ಲಿ ಕರ್ತೃ ಕಾಣೆಯಾಗಿದ್ದರೆ ಯಾರು ಎಂದು ಕೇಳುವುದು. ಪೋಡಿಗೆ ಹೋದಾಗ ಹಿಂಸೆಯ ವಿವರಕ್ಕೆ ಕೈಹಾಕುವ ಮೊದಲು ಬದುಕಿನ ಬಗ್ಗೆ ಕೇಳುವುದು, ಹೇಳಲು ಇಷ್ಟವಿಲ್ಲದವರನ್ನು ಬಿಟ್ಟುಬಿಡುವುದು. ‘ಹೇಳು ಹೇಳು’ ಎಂಬ ಒತ್ತಾಯ ಅವರಿಗೆ ಹೊಸದಲ್ಲ, ಕ್ಯಾಮೆರಾ ಹಿಡಿದ ನಾವು ಅದನ್ನು ಮತ್ತೆ ಮಾಡಬಾರದು. 1993ರಲ್ಲಿ ಮೂವತ್ತರ ಹರೆಯದಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ. ಕನ್ನಡದಲ್ಲಿ ಆ ಮೂರನೆಯ ಭಾಗ ಬರೆಯಬೇಕಾದರೆ ಅವರು ಇರುವಾಗಲೇ ಬರೆಯಬೇಕು.